ಉಂಡ ಮನೆಗೆ ಎರಡು ಬಗೆದವರು ಯಾರು?

ಕಳೆದ ತಿಂಗಳು ಸಂಘದ ಸಭೆ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿಗೆ ನಮ್ಮ ಸುತ್ತ ನಾಲ್ಕು ಜನ ಸೇರಿದರು. ವಿಷಯ ನಮ್ಮ ಮಗಳದು. ಅವಳು ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ, ಕೇಂದ್ರೀಯ ವಿದ್ಯಾಲಯದ ತಂಡದಲ್ಲಿ ಐದು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದ್ದಾಳೆ, ಅಮೆರಿಕದ ಕಾಲೇಜೊಂದಕ್ಕೆ ಕ್ರೀಡಾ ವಿದ್ಯಾರ್ಥಿವೇತನ ಕೋರಿ ಬರೆದಿದ್ದಾಳೆ ಎಂಬುದು ಸಂಘದ ಹಲವರಿಗೆ ಗೊತ್ತಿತ್ತು. ಬೆಂಗಳೂರಿನ ಸಂಜನಾ ರಮೇಶ್ ಹೀಗೆಯೇ ವಿದ್ಯಾರ್ಥಿವೇತನ ಪಡೆದು ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದ್ದನ್ನು ಓದಿದ ದಿನದಿಂದ ನಮ್ಮ ಮನೆಯಲ್ಲಿ ಈ ಕನಸು ಬೇರೂರಿತ್ತು. ಕೊನೆಗೂ ಉತ್ತರ ಬಂತು. “ನಿಮ್ಮ ಆಟ ನೋಡಿ ಸಂತೋಷವಾಯಿತು, ಆದರೆ ಈ ವರ್ಷ ಖಾಲಿಯಿದ್ದ ಸ್ಥಾನಗಳಿಗೆ ಬೇರೆ ಕಾಲೇಜುಗಳಿಂದ ಬರುವ ಅನುಭವಿ ಆಟಗಾರ್ತಿಯರನ್ನು ತೆಗೆದುಕೊಂಡಿದ್ದೇವೆ” ಎಂಬುದು ಅದರ ಸಾರಾಂಶ.

ನಾವು ಬಹಳ ಗೌರವಿಸುವ ಹಿರಿಯ ಸದಸ್ಯರೊಬ್ಬರು ನಮ್ಮ ಹೆಗಲ ಮೇಲೆ ಕೈಯಿಟ್ಟು, “ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಲ್ಲಿಯ ಹುಡುಗಿಯರಿಗೆ ನಿಯತ್ತೇ ಇಲ್ಲ. ಈ ವರ್ಷ ಒಂದು ಕಾಲೇಜಿನ ಅನ್ನ, ಮರುವರ್ಷ ಇನ್ನೊಂದು ಕಾಲೇಜಿನ ಜೆರ್ಸಿ. ಉಂಡ ಮನೆಗೆ ಎರಡು ಬಗೆಯುವವರು. ಅವರ ದೆಸೆಯಿಂದ ನಿಮ್ಮ ಮಗುವಿನ ಸೀಟು ಹೋಯಿತು” ಎಂದರು. ಸುತ್ತಲಿದ್ದವರು ಹೌದು ಹೌದೆಂದು ತಲೆದೂಗಿದರು. ಸುಳ್ಳೇಕೆ ಹೇಳಬೇಕು, ಆ ಕ್ಷಣಕ್ಕೆ ನಾವೂ ತಲೆದೂಗಿದೆವು. ನೊಂದವರಿಗೆ ಯಾರನ್ನಾದರೂ ದೂರಲು ಸಿಕ್ಕರೆ ಅರ್ಧ ನೋವು ಇಳಿಯುತ್ತದೆ.

ಮನೆಗೆ ಬಂದು ಈ ಮಾತನ್ನು ಮಗಳಿಗೆ ಹೇಳಿದೆವು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪ, ನಿಮಗೆ ನಾಗಪುರದಿಂದ ಇಲ್ಲಿಗೆ ವರ್ಗವಾದಾಗ ಯಾರಾದರೂ ನಿಯತ್ತಿಲ್ಲದವರು ಅಂದರೇನು?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ತಿಂಗಳು ಓದಿದ್ದರ ಫಲವೇ ಈ ಲೇಖನ. ಹಿರಿಯರು ಕ್ಷಮಿಸಬೇಕು. ಅವರ ಸಹಾನುಭೂತಿಗೆ ನಾವು ಋಣಿಗಳು. ಅವರ ತೀರ್ಪಿಗೆ ಮಾತ್ರ ನಮ್ಮ ಖಂಡನೆಯಿದೆ. ನಮ್ಮ ಮಗಳಿಗೆ ಸ್ಥಾನ ತಪ್ಪಿದ್ದು ನಿಜ. ಆದರೆ ಅದನ್ನು ತಪ್ಪಿಸಿದವರು ಆ ಹುಡುಗಿಯರಲ್ಲ.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ನಾಲ್ಕು ಮಾತು. ಅಮೆರಿಕದ ಕಾಲೇಜು ಕ್ರೀಡೆಯೆಂದರೆ ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಗಳಂತೆ ಖಾಲಿ ಗ್ಯಾಲರಿಯ ಮುಂದೆ ನಡೆಯುವ ಆಟವಲ್ಲ. ಎನ್.ಸಿ.ಎ.ಎ. ಎಂಬ ಸಂಸ್ಥೆಯ ಆಡಳಿತದಲ್ಲಿ, ಅದರ ಮೊದಲನೆಯ ಡಿವಿಷನ್‌ನಲ್ಲೇ ಮುನ್ನೂರೈವತ್ತಕ್ಕೂ ಹೆಚ್ಚು ಕಾಲೇಜುಗಳು ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಕಟ್ಟಿವೆ. ಒಂದೊಂದು ತಂಡದಲ್ಲಿ ಸುಮಾರು 15 ಜನ. ಹೆಣ್ಣುಮಕ್ಕಳಿಗೆ ಈ ಅವಕಾಶ ಸುಲಭವಾಗಿ ಬಂದದ್ದಲ್ಲ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದ ಮಾಡಬಾರದೆಂಬ ‘ಟೈಟಲ್ ನೈನ್’ ಕಾನೂನು ಬಂದದ್ದು 1972ರಲ್ಲಿ, ಎನ್.ಸಿ.ಎ.ಎ. ಮಹಿಳೆಯರಿಗೆ ರಾಷ್ಟ್ರೀಯ ಪಂದ್ಯಾವಳಿ ಏರ್ಪಡಿಸಿದ್ದು ಅದಾದ ಹತ್ತು ವರ್ಷಕ್ಕೆ, 1982ರಲ್ಲಿ. ಅಲ್ಲಿಂದ 2024ಕ್ಕೆ ಬನ್ನಿ. ಆ ವರ್ಷದ ಮಹಿಳಾ ಫೈನಲ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದವರು ಸರಾಸರಿ 1 ಕೋಟಿ 89 ಲಕ್ಷ ಜನ. ಗಂಡಸರ ಫೈನಲ್ಲಿಗೆ ಸಿಕ್ಕವರು 1 ಕೋಟಿ 48 ಲಕ್ಷ. ನೋಡುವವರು ಬಂದ ಕಡೆ ದುಡ್ಡು ಬಂತು. ದುಡ್ಡು ಬಂದ ಕಡೆ ತಕರಾರು ಬಂತು.

ಈಗ ವರ್ಗಾವಣೆಯ ಕಥೆ. ಹಿಂದೆ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕಾಲೇಜು ಬದಲಿಸಿದರೆ, ಹೊಸ ಕಾಲೇಜಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಆಡದೆ ಬೆಂಚಿನ ಮೇಲೆ ಕೂರಬೇಕಾಗಿತ್ತು. ಅಷ್ಟೇ ಅಲ್ಲ, ಬೇರೆ ಕಾಲೇಜಿನವರೊಡನೆ ವಿದ್ಯಾರ್ಥಿವೇತನದ ಮಾತಾಡಲು ಹಳೆಯ ಕಾಲೇಜಿನ ಅಪ್ಪಣೆ ಬೇಕಿತ್ತು. 2018ರ ಅಕ್ಟೋಬರ್ 15ರಂದು ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಗಣಕಯಂತ್ರದ ರಿಜಿಸ್ಟರ್ ಜಾರಿಗೆ ಬಂತು. ಹುಡುಗಿ ಬರೆದುಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಅವಳ ಹೆಸರನ್ನು ಅದರಲ್ಲಿ ಏರಿಸಲೇಬೇಕು. ಆಮೇಲೆ ಯಾವ ಕೋಚ್ ಬೇಕಾದರೂ ಅವಳನ್ನು ಸಂಪರ್ಕಿಸಬಹುದು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಬದಲಿಸುವವರು ಬೆಂಚಿನ ಮೇಲೆ ಕೂರಬೇಕಾಗಿಲ್ಲವೆಂದು ಒಪ್ಪಿದರು. ಎರಡನೆಯ ಸಲ ಬದಲಿಸಿದವರನ್ನು ತಡೆಯುವ ನಿಯಮಕ್ಕೆ 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ತಡೆ ಹಾಕಿತು. 2024ರ ಏಪ್ರಿಲ್‌ನಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲವಾದರೂ ಬದಲಿಸಿ ಕೂಡಲೇ ಆಡಬಹುದು ಎಂದಾಯಿತು.

ಜೊತೆಜೊತೆಗೆ ಹಣದ ಬಾಗಿಲೂ ತೆರೆಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಮೇಲೆ ಜಾಹೀರಾತಿನ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು. 2025-26ರ ಸಾಲಿಗೆ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಪರಿಣಾಮವನ್ನು ಊಹಿಸಬಹುದು. 2025ರ ವಸಂತದಲ್ಲಿ ಮೊದಲನೆಯ ಡಿವಿಷನ್ ಒಂದರಿಂದಲೇ ಸಾವಿರಕ್ಕೂ ಹೆಚ್ಚು ಆಟಗಾರ್ತಿಯರು ರಿಜಿಸ್ಟರಿಗೆ ಹೆಸರು ಕೊಟ್ಟರು. ಮುನ್ನೂರೈವತ್ತು ತಂಡಕ್ಕೆ ಹದಿನೈದರಂತೆ ಲೆಕ್ಕ ಹಾಕಿದರೆ ಒಟ್ಟು ಸಂಖ್ಯೆ ಐದು ಸಾವಿರದ ಆಸುಪಾಸು. ಅಂದರೆ ಸುಮಾರು ಐವರಲ್ಲಿ ಒಬ್ಬಳು ಗಂಟುಮೂಟೆ ಕಟ್ಟಿದಳು.

ಹೆಸರಾಂತವರ ಪಟ್ಟಿಯನ್ನೇ ನೋಡಿ. 2023ರಲ್ಲಿ ಲೂಯಿಸಿಯಾನಾ ಸ್ಟೇಟ್ ತಂಡ ಅಯೋವಾವನ್ನು 102-85ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಶ್ರೇಷ್ಠ ಆಟಗಾರ್ತಿ ಎನಿಸಿದ ಏಂಜೆಲ್ ರೀಸ್ ಹಿಂದಿನ ವರ್ಷ ಮೇರಿಲ್ಯಾಂಡ್‌ನಲ್ಲಿದ್ದವಳು. 2024ರಲ್ಲಿ ಸೌತ್ ಕೆರೊಲಿನಾ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಗೆದ್ದಾಗ ಅದೇ ಗೌರವ ಪಡೆದ ಕಮಿಲಾ ಕಾರ್ಡೋಸೊ ಸಿರಾಕ್ಯೂಸ್‌ನಿಂದ ಬಂದವಳು. ಹೇಲಿ ವ್ಯಾನ್ ಲಿತ್ ಲೂಯಿವಿಲ್‌ನಿಂದ ಲೂಯಿಸಿಯಾನಾ ಸ್ಟೇಟಿಗೆ, ಅಲ್ಲಿಂದ ಟೆಕ್ಸಸ್ ಕ್ರಿಶ್ಚಿಯನ್‌ಗೆ ಹೋದಳು. 2024-25ರಲ್ಲಿ ಫ್ಲಾರಿಡಾ ಸ್ಟೇಟ್ ಪರವಾಗಿ ಆಡಿ ದೇಶಕ್ಕೆಲ್ಲ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ ತನಿಯಾ ಲ್ಯಾಟ್ಸನ್ ಮರುವರ್ಷ ಸೌತ್ ಕೆರೊಲಿನಾಕ್ಕೆ. ತಂಡದ ಪಟ್ಟಿಯೆಂದರೆ ಹಿಂದೆ ನಾಲ್ಕು ವರ್ಷದ ಬೆಳೆ. ಈಗ ವರ್ಷಕ್ಕೊಂದು ಫಸಲು.

ಇದನ್ನು ಕಂಡೇ ನಮ್ಮ ಹಿರಿಯರು ‘ನಿಯತ್ತಿಲ್ಲ’ ಎಂದದ್ದು. ಅವರೊಬ್ಬರೇ ಅಲ್ಲ, ಅಮೆರಿಕದಲ್ಲೂ ಹೀಗೆ ಹೇಳುವವರು ಬೇಕಾದಷ್ಟಿದ್ದಾರೆ. ಸರಿ, ಹಾಗಾದರೆ ನಿಯತ್ತಿನ ಲೆಕ್ಕವನ್ನೇ ತೆಗೆಯೋಣ. ಲೆಕ್ಕ ಹಾಕುವುದು ನಮ್ಮ ಕಸುಬು.

ನಿಯತ್ತು ಎನ್ನುವುದು ಎರಡು ಕೈ ಸೇರಿದರೆ ಆಗುವ ಚಪ್ಪಾಳೆ. ಹುಡುಗಿ ನಾಲ್ಕು ವರ್ಷ ನಿಲ್ಲಬೇಕೆಂದು ಬಯಸುವ ಕಾಲೇಜು ಅವಳಿಗೆ ನಾಲ್ಕು ವರ್ಷದ ಭರವಸೆ ಕೊಟ್ಟಿತ್ತೆ? 1973ರಿಂದ 2012ರವರೆಗೆ ಎನ್.ಸಿ.ಎ.ಎ. ನಿಯಮದಂತೆ ಕ್ರೀಡಾ ವಿದ್ಯಾರ್ಥಿವೇತನವನ್ನು ಒಂದೊಂದೇ ವರ್ಷಕ್ಕೆ ಕೊಡಬೇಕಿತ್ತು. ನವೀಕರಿಸುವುದು ಬಿಡುವುದು ಕಾಲೇಜಿನ ಇಷ್ಟ. ಮೊಣಕಾಲು ಮುರಿದರೆ, ಆಟ ಮಂಕಾದರೆ, ಹೊಸ ಕೋಚಿಗೆ ಮುಖ ಹಿಡಿಸದಿದ್ದರೆ, ‘ಹೋಗಿ ಬಾಮ್ಮ’ ಎನ್ನಬಹುದಿತ್ತು. ಕಾಲೇಜಿಗೆ ಒಂದು ವರ್ಷದ ಕರಾರು, ಹುಡುಗಿಗೆ ನಾಲ್ಕು ವರ್ಷದ ನಿಯತ್ತು! ಇದನ್ನು ನಮ್ಮ ಕಡೆ ಜೀತ ಎನ್ನುತ್ತೇವೆ.

ಕೋಚುಗಳ ಮಾತಿಗೆ ಬನ್ನಿ. ಮೇಲೆ ಹೇಳಿದ ಲೂಯಿಸಿಯಾನಾ ಸ್ಟೇಟ್ ತಂಡದ ಕೋಚ್ ಕಿಮ್ ಮಲ್ಕಿ 2000ದಿಂದ 2021ರವರೆಗೆ ಬೇಲರ್ ವಿಶ್ವವಿದ್ಯಾಲಯದಲ್ಲಿದ್ದು ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು. 2021ರಲ್ಲಿ ಅದನ್ನು ಬಿಟ್ಟು ಲೂಯಿಸಿಯಾನಾಕ್ಕೆ ಬಂದರು. ಒಂದು ವರ್ಷ ಬೆಂಚಿನ ಮೇಲೆ ಕೂರಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. 2023ರಲ್ಲಿ ಹತ್ತು ವರ್ಷಕ್ಕೆ 3 ಕೋಟಿ 20 ಲಕ್ಷ ಡಾಲರಿನ ಕರಾರಾಯಿತು. ನಾವು ಅವರನ್ನು ದೂರುತ್ತಿಲ್ಲ. ದುಡಿದವರು, ಗೆದ್ದವರು, ಪಡೆದರು. ಆದರೆ ಅಮ್ಮ ಮನೆ ಬದಲಿಸಿದರೆ ಬಡ್ತಿ, ಮಗಳು ಬದಲಿಸಿದರೆ ದ್ರೋಹ ಎನ್ನುವುದು ಯಾವ ನ್ಯಾಯ? ಬೇಲರಿನ ಹುಡುಗಿಯರು ಈ ಕೋಚನ್ನು ನಂಬಿ ಬಂದವರಲ್ಲವೆ?

ಸರ್ಕಾರಿ ನೌಕರರಾದ ನಮಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಇಲಾಖೆ ತನ್ನ ಅನುಕೂಲಕ್ಕೆ ನಮ್ಮನ್ನು ವರ್ಗ ಮಾಡಿದರೆ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಆರ್ಡರ್ ಬರುತ್ತದೆ, ಟಿ.ಎ. ಸಿಗುತ್ತದೆ, ಜಾಯಿನಿಂಗ್ ಟೈಮ್ ಸಿಗುತ್ತದೆ. ಅದೇ ನಾವು, ಊರಿನಲ್ಲಿ ತಾಯಿಗೆ ಕಾಯಿಲೆ, ಹತ್ತಿರಕ್ಕೆ ಹಾಕಿ ಎಂದು ಬೇರೆ ಕಚೇರಿಗೆ ಅರ್ಜಿ ಹಾಕಿದರೆ ‘ಸ್ವಂತ ಕೋರಿಕೆಯ ಮೇರೆಗೆ’ ಎಂಬ ಮುದ್ರೆ ಬೀಳುತ್ತದೆ, ಟಿ.ಎ. ಇಲ್ಲ, ಸೀನಿಯಾರಿಟಿ ಪಟ್ಟಿಯ ಬುಡಕ್ಕೆ ಹೋಗಿ ನಿಲ್ಲಬೇಕು. ಬೆಳಗಾವಿಗೆ ಬರಲು ಹತ್ತು ವರ್ಷದ ಸೀನಿಯಾರಿಟಿ ಬಿಟ್ಟುಕೊಟ್ಟ ಸಹೋದ್ಯೋಗಿಗಳು ನಮಗೆ ಗೊತ್ತು. ಅವರನ್ನು ನಾವು ನಿಯತ್ತಿಲ್ಲದವರು ಎಂದೆವೆ? ಪಾಪ ಎಂದೆವು. ಅಮೆರಿಕದ ಬೆಂಚಿನ ವರ್ಷ ಅದೇ ಬುಡದ ಸೀನಿಯಾರಿಟಿ. ಯಜಮಾನ ಎಬ್ಬಿಸಿದರೆ ಸೇವೆ, ಆಳು ಎದ್ದರೆ ಅಪರಾಧ.

ಇಷ್ಟಕ್ಕೂ ಹುಡುಗಿಯರು ಏಕೆ ಎದ್ದು ಹೋಗುತ್ತಾರೆ? ಸೆಡೋನಾ ಪ್ರಿನ್ಸ್ ಎಂಬವಳ ದಾರಿ ನೋಡಿ. ಟೆಕ್ಸಸ್‌ನಲ್ಲಿ ಸೇರಿದವಳು ಕಾಲು ಮುರಿದು ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಆರಿಗನ್‌ಗೆ ಬಂದಳು, ಹಳೆಯ ನಿಯಮದ ದೆಸೆಯಿಂದ ಅಲ್ಲಿಯೂ ಒಂದು ಸಾಲು ಬೆಂಚಿನಲ್ಲೇ ಕಳೆಯಿತು. 2021ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಗಂಡು ತಂಡಗಳಿಗೆ ದೊಡ್ಡ ವ್ಯಾಯಾಮಶಾಲೆಯನ್ನೂ ಹೆಣ್ಣು ತಂಡಗಳಿಗೆ ಒಂದು ಸ್ಟ್ಯಾಂಡಿನಷ್ಟು ಡಂಬೆಲ್ಲುಗಳನ್ನೂ ಕೊಟ್ಟಿದ್ದನ್ನು ಕ್ಯಾಮೆರಾದಲ್ಲಿ ಹಿಡಿದು ಲೋಕಕ್ಕೆ ತೋರಿಸಿದವಳು ಇವಳೇ. 2025ರ ರಾಜಿಗೆ ಕಾರಣವಾದ ದಾವೆಯಲ್ಲಿ ಹೆಸರು ಕೊಟ್ಟವರಲ್ಲೂ ಇವಳೊಬ್ಬಳು. ಮನೆಯಲ್ಲಿ ಅನ್ಯಾಯವಾದಾಗ ಬಾಯಿ ಬಿಡುವವಳನ್ನು ಮನೆಮುರುಕಿ ಎನ್ನುವುದು ಹಳೆಯ ರೂಢಿ. ನಾವಾದರೂ ಅದನ್ನು ಬಿಡೋಣ.

ವಿರೋಧಿಗಳ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಣ್ಣ ಕಾಲೇಜುಗಳ ಗೋಳು ನಿಜವಾದದ್ದು. ಯಾರೂ ಕಣ್ಣೆತ್ತಿ ನೋಡದ ಹುಡುಗಿಯನ್ನು ಹುಡುಕಿ, ತಿದ್ದಿ, ಎರಡು ವರ್ಷ ಬೆಳೆಸಿದ ಕೋಚಿಗೆ, ಅವಳು ಮಿಂಚಿದ ಮರುದಿನವೇ ದೊಡ್ಡ ಕಾಲೇಜು ಬಂದು ಕರೆದೊಯ್ದರೆ, ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ ಆಗುವುದಿಲ್ಲವೆ? ಆಗುತ್ತದೆ. ಆದರೆ ದಾರಿ ಎರಡು ಕಡೆಗೂ ಇದೆ ಎಂಬುದನ್ನು ಮರೆಯಬಾರದು. ದೊಡ್ಡ ತಂಡದಲ್ಲಿ ಹದಿಮೂರನೆಯವಳಾಗಿ ನೀರಿನ ಬಾಟಲಿ ಹಿಡಿದು ಕೂತವಳು ಸಣ್ಣ ತಂಡಕ್ಕೆ ಬಂದು ನಲವತ್ತು ನಿಮಿಷ ಆಡುವುದೂ ಇದೇ ರಿಜಿಸ್ಟರಿನಿಂದ. ಟೆಕ್ಸಸ್ ಕ್ರಿಶ್ಚಿಯನ್ ತಂಡ 2024ರ ಜನವರಿಯಲ್ಲಿ ಗಾಯಾಳುಗಳ ದೆಸೆಯಿಂದ ಆಡಲು ಜನ ಸಾಲದೆ ಎರಡು ಪಂದ್ಯ ಬಿಟ್ಟುಕೊಟ್ಟು, ಕಾಲೇಜಿನಲ್ಲಿ ಓದುತ್ತಿದ್ದ ಇತರ ಹುಡುಗಿಯರನ್ನು ಕರೆದು ಆಯ್ಕೆ ನಡೆಸಬೇಕಾಯಿತು. ಮರುವರ್ಷ ವರ್ಗವಾಗಿ ಬಂದವರನ್ನು ಕೂಡಿಸಿಕೊಂಡು ಅದೇ ತಂಡ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟರ ಸುತ್ತು ಮುಟ್ಟಿತು. ವರ್ಗಾವಣೆ ಮುಚ್ಚಿದ್ದರೆ ದೊಡ್ಡವರು ಎಂದೆಂದಿಗೂ ದೊಡ್ಡವರಾಗಿಯೇ ಇರುತ್ತಿದ್ದರು.

ಇನ್ನು ತಂಡದ ಒಗ್ಗಟ್ಟು ಮುರಿಯುತ್ತದೆ ಎಂಬ ದೂರು. ಅಯೋವಾದ ಕೇಟ್ಲಿನ್ ಕ್ಲಾರ್ಕ್ ನಾಲ್ಕು ವರ್ಷವೂ ಒಂದೇ ಕಾಲೇಜಿನಲ್ಲಿ ನಿಂತು 3,951 ಅಂಕ ಗಳಿಸಿ, ಎರಡು ಸಲ ತಂಡವನ್ನು ಫೈನಲ್ಲಿಗೆ ಕೊಂಡೊಯ್ದದ್ದನ್ನು ಉದಾಹರಿಸುತ್ತಾರೆ. ಚೆಂದದ ಉದಾಹರಣೆಯೇ. ಆದರೆ ಬಾಗಿಲು ತೆರೆದಿದ್ದಾಗಲೂ ಅವಳು ನಿಂತಳು ಎಂಬುದರಲ್ಲೇ ಅದರ ಚೆಲುವು ಇರುವುದು. ಬೀಗ ಹಾಕಿದ ಮನೆಯಲ್ಲಿ ಉಳಿದವರನ್ನು ಯಾರೂ ಹೊಗಳುವುದಿಲ್ಲ. ಆ ಎರಡು ಫೈನಲ್ಲುಗಳಲ್ಲೂ ಅವಳ ತಂಡವನ್ನು ಸೋಲಿಸಿದ್ದು ವರ್ಗವಾಗಿ ಬಂದವರಿದ್ದ ತಂಡಗಳೇ. ಒಗ್ಗಟ್ಟು ಹುಟ್ಟುವುದು ಬೆಳಗಿನ ಅಭ್ಯಾಸದಲ್ಲಿ, ಬಾಂಡ್ ಪೇಪರಿನಲ್ಲಲ್ಲ. ಬೇರೆ ಬೇರೆ ಜಿಲ್ಲೆಗಳಿಂದ ಬಂದು ಪರಊರಿನಲ್ಲಿ ಕನ್ನಡ ಸಂಘ ಕಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಹಾಗಾದರೆ ತಪ್ಪು ಎಲ್ಲಿದೆ? ಇದೆ. ಅದು ಹುಡುಗಿಯರ ಕಾಲಿನಲ್ಲಿಲ್ಲ, ಕಾಲೇಜುಗಳ ಕಡತದಲ್ಲಿದೆ.

ಮೊದಲನೆಯದು ಪದವಿಯ ಲೆಕ್ಕ. 2024ರಲ್ಲಿ ಅಮೆರಿಕದ ವೃತ್ತಿಪರ ಮಹಿಳಾ ಲೀಗ್ ಇಡೀ ಲೋಕದಿಂದ ಆರಿಸಿಕೊಂಡ ಹೊಸಬರು 36 ಜನ. ಆ ವರ್ಷ ಮೊದಲನೆಯವಳಾಗಿ ಆಯ್ಕೆಯಾದ ಕ್ಲಾರ್ಕಳಿಗೇ ಲೀಗ್ ಕೊಟ್ಟ ಸಂಬಳ ವರ್ಷಕ್ಕೆ 76,535 ಡಾಲರ್. ಕಾಲೇಜಿನಲ್ಲಿ ಐದು ಸಾವಿರ, ಮುಂದೆ ಮೂವತ್ತಾರು. ಉಳಿದವರು ಜೀವಮಾನವಿಡೀ ಉಣ್ಣಬೇಕಾದ್ದು ಪದವಿಯಿಂದ. ಕಾಲೇಜು ಬದಲಿಸಿದರೆ ಆ ಪದವಿಯ ಗತಿಯೇನು? ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಕೊಟ್ಟಿತು: 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು, ಆಟಗಾರರಷ್ಟೇ ಅಲ್ಲ ಎಲ್ಲರೂ, ಅಲ್ಲಿಯವರೆಗೆ ಗಳಿಸಿದ ಕ್ರೆಡಿಟ್ಟುಗಳಲ್ಲಿ ಸರಾಸರಿ 43 ಪಾಲನ್ನು, ಅಂದರೆ ನೂರಕ್ಕೆ ನಲವತ್ಮೂರನ್ನು, ಕಳೆದುಕೊಂಡರು. ಓದಿದ್ದು ಓದಿದಂತೆ ಇದೆ, ಪಾಸಾದದ್ದು ಪಾಸಾದಂತೆ ಇದೆ. ಹೊಸ ಕಾಲೇಜು ಮಾತ್ರ ‘ಇದು ನಮ್ಮ ಪಠ್ಯಕ್ಕೆ ಹೊಂದುವುದಿಲ್ಲ’ ಎಂದು ಪಕ್ಕಕ್ಕಿಡುತ್ತದೆ. ಆಡಬೇಕಾದರೆ ಓದು ಮುಂದುವರಿಯುತ್ತಿರಬೇಕು ಎಂಬ ನಿಯಮ ಒಂದು ಕಡೆ, ಓದಿದ್ದನ್ನು ಲೆಕ್ಕಕ್ಕೆ ಹಿಡಿಯದಿರುವುದು ಇನ್ನೊಂದು ಕಡೆ. ಹೀಗಾದಾಗ ಹುಡುಗಿ ತಾನು ಓದಬೇಕೆಂದಿದ್ದ ವಿಷಯವನ್ನು ಬಿಟ್ಟು, ಯಾವುದರಲ್ಲಿ ಕ್ರೆಡಿಟ್ಟು ಹೊಂದುತ್ತದೋ ಆ ವಿಷಯವನ್ನು ಓದಬೇಕಾಗುತ್ತದೆ. ರಸಾಯನಶಾಸ್ತ್ರ ಓದಲು ಹೋದವಳು ಏನಾಗಿ ಹೊರಬರುತ್ತಾಳೋ!

ಎರಡನೆಯದು ರಿಜಿಸ್ಟರಿನಲ್ಲಿ ಉಳಿದುಹೋಗುವವರದು. ಹೆಸರು ಕೊಟ್ಟ ಕೂಡಲೇ ಹಳೆಯ ಕಾಲೇಜು ಆ ಅವಧಿಯ ಕೊನೆಗೆ ವಿದ್ಯಾರ್ಥಿವೇತನ ನಿಲ್ಲಿಸಬಹುದು. ಹೊಸ ಕಾಲೇಜು ಕರೆಯಲೇಬೇಕೆಂದೇನಿಲ್ಲ. ಪತ್ರಿಕೆಗಳು ಬರೆಯುವುದು ರೀಸ್, ಲ್ಯಾಟ್ಸನ್‌ರ ಬಗ್ಗೆ. ಯಾರೂ ಕರೆಯದ ಹುಡುಗಿ ಅತ್ತ ಇಲ್ಲ ಇತ್ತ ಇಲ್ಲ ಎಂದು ಬೇಸಿಗೆಯಿಡೀ ಫೋನಿನ ಮುಂದೆ ಕೂತದ್ದನ್ನು ಯಾರು ಬರೆಯುತ್ತಾರೆ? ನಮ್ಮ ಹಿರಿಯರು ‘ಹಣಕ್ಕಾಗಿ ಓಡುವವರು’ ಎಂದು ದೂರಿದ ಸಾವಿರ ಜನರಲ್ಲಿ ಇವಳೂ ಸೇರಿದ್ದಾಳೆ.

ಮೂರನೆಯದು, ವೇಳಾಪಟ್ಟಿ. 2025ರಲ್ಲಿ ರಾಷ್ಟ್ರೀಯ ಪಂದ್ಯಾವಳಿ ಇನ್ನೂ ನಡೆಯುತ್ತಿರುವಾಗಲೇ ವರ್ಗಾವಣೆಯ ರಿಜಿಸ್ಟರ್ ತೆರೆದರು. ಪರೀಕ್ಷೆಯ ಕೊಠಡಿಯಲ್ಲಿ ಕುಳಿತವರ ಕೈಗೆ ಮುಂದಿನ ಕಾಲೇಜಿನ ಅರ್ಜಿ ಕೊಟ್ಟಂತೆ! ಹುಡುಗಿಯರ ಗಮನ ಆಟದಲ್ಲಿಲ್ಲ ಎಂದು ದೂರುವವರು ಈ ವೇಳಾಪಟ್ಟಿ ಬರೆದದ್ದು ಹುಡುಗಿಯರಲ್ಲ ಎಂಬುದನ್ನು ನೆನಪಿಡಬೇಕು.

ನಾಲ್ಕನೆಯದು ನಮ್ಮ ಮಗಳದು. ಹದಿನೈದು ಸ್ಥಾನಗಳಲ್ಲಿ ಐದು ಖಾಲಿಯಾದವು ಎನ್ನಿ. ಐದಕ್ಕೂ ಹೊರಗಿನಿಂದ ಪಳಗಿದವರನ್ನೇ ತುಂಬಿಕೊಂಡರೆ, ಶಾಲೆ ಮುಗಿಸಿ ಬರುವ ಹದಿನೆಂಟರ ಹುಡುಗಿಗೆ ಸೊನ್ನೆ. ಇದಕ್ಕೆ ಬಿ.ಎಸ್‌ಸಿ. ಗಣಿತ ಬೇಡ. ಈ ತೀರ್ಮಾನ ಮಾಡಿದವರು ಯಾರು? ವರ್ಗ ಬಯಸಿದ ಹುಡುಗಿ ಬಾಗಿಲು ತಟ್ಟಿದಳು, ಅಷ್ಟೆ. ನಮ್ಮ ಮಗಳೂ ತಟ್ಟಿದಳು. ಬಾಗಿಲು ತೆರೆದವರು, ಮುಚ್ಚಿದವರು ಒಳಗಿದ್ದವರು. ಈ ವರ್ಷವೇ ಗೆಲ್ಲಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ ಎನ್ನುವ ಕೋಚು ಮಾಗಿದ ಹಣ್ಣನ್ನು ಕೊಳ್ಳುತ್ತಾರೆ, ಸಸಿ ನೆಡುವುದಿಲ್ಲ. ಎಲ್ಲರೂ ಹಣ್ಣನ್ನೇ ಕೊಳ್ಳುತ್ತ ಹೋದರೆ ಹತ್ತು ವರ್ಷಕ್ಕೆ ತೋಟದಲ್ಲಿ ಏನಿರುತ್ತದೆ?

ಟೆನೆಸಿಯ ಪ್ಯಾಟ್ ಸಮಿಟ್ ಅವರನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಮೂವತ್ತೆಂಟು ಸಾಲು ಒಂದೇ ಕಾಲೇಜಿನ ಕೋಚಾಗಿದ್ದು ಎಂಟು ರಾಷ್ಟ್ರೀಯ ಪ್ರಶಸ್ತಿ, 1,098 ಪಂದ್ಯಗಳ ಗೆಲುವು. ಇದನ್ನೆಲ್ಲ ಮೀರಿದ ಸಂಗತಿ, ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬಳೂ ಪದವಿ ಪಡೆದಳು. ನಿಯತ್ತು ಎಂದರೆ ಇದು. ಅದನ್ನು ಮೊದಲು ತೋರಿಸಬೇಕಾದವರು ದೊಡ್ಡವರು, ಚಿಕ್ಕವರು ಕಲಿತುಕೊಳ್ಳುತ್ತಾರೆ.

ಬರೀ ದೂರುವುದು ನಮ್ಮ ಉದ್ದೇಶವಲ್ಲ. ಪರಿಹಾರವೇನು ಎಂದು ಕೇಳಿದರೆ, ಅದು ನಮ್ಮ ಕಚೇರಿಯ ಬೀರುವಿನಲ್ಲೇ ಇದೆ: ಸರ್ವಿಸ್ ಬುಕ್. ನಮ್ಮನ್ನು ನಾಗಪುರದಿಂದ ಇಲ್ಲಿಗೆ ಎತ್ತಿ ಹಾಕಿದಾಗ ನಮ್ಮ ಹಿಂದೆಯೇ ಸರ್ವಿಸ್ ಬುಕ್ ಬಂತು. ಹಾಕಿಕೊಂಡ ರಜೆ, ಪಡೆದ ಇನ್‌ಕ್ರಿಮೆಂಟು, ದುಡಿದ ಒಂದೊಂದು ದಿನ ಅದರಲ್ಲಿತ್ತು. ಹೊಸ ಕಚೇರಿಯ ಯಾವ ಅಧಿಕಾರಿಯೂ ‘ನಾಗಪುರದ ಆರು ವರ್ಷದಲ್ಲಿ ನಾಲ್ಕನ್ನು ಮಾತ್ರ ಒಪ್ಪುತ್ತೇವೆ’ ಎನ್ನಲಿಲ್ಲ. ನಮ್ಮ ಮಗಳ ವಿಷಯದಲ್ಲೂ ಹಾಗೆಯೇ. ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ವರ್ಷ ಹಾಳಾಗಬಾರದೆಂದೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳ ಯೋಜನೆ ಆರಂಭವಾಯಿತು. ದೇಶಕ್ಕೆಲ್ಲ ಒಂದೇ ಪಠ್ಯ. ಮಗಳು ನವೆಂಬರಿನಲ್ಲಿ ಅಲ್ಲಿ ಮುಚ್ಚಿದ ಪುಟವನ್ನು ಡಿಸೆಂಬರಿನಲ್ಲಿ ಇಲ್ಲಿ ತೆರೆದಳು. ಗೆಳತಿಯರನ್ನು ಬಿಟ್ಟು ಬಂದದ್ದಕ್ಕೆ ಒಂದು ತಿಂಗಳು ಅತ್ತಳು, ಆದರೆ ಪಾಠ ತಪ್ಪಲಿಲ್ಲ. ನಮ್ಮ ದೇಶದ ಕಾಲೇಜುಗಳಿಗೂ 2021ರಲ್ಲಿ ಕ್ರೆಡಿಟ್ ಬ್ಯಾಂಕ್ ಯೋಜನೆ ಬಂದಿದೆ. ವರ್ಗಾವಣೆ ತಪ್ಪಿಸಲಾಗದ ಜನ ಮಾಡಿಕೊಂಡ ವ್ಯವಸ್ಥೆ ಇದು: ಜನ ಹೋಗಲಿ, ಅವರು ಗಳಿಸಿದ್ದು ಅವರ ಜೊತೆಗೆ ಹೋಗಲಿ.

ಅಮೆರಿಕದ ಹುಡುಗಿಯರಿಗೂ ಬೇಕಾದ್ದು ಇಷ್ಟೇ. ಅವರ ಕಾಲಿಗೆ ಮತ್ತೆ ಸರಪಳಿ ತೊಡಿಸುವುದು ಬೇಡ. ಒಬ್ಬಳನ್ನು ಆಟಕ್ಕೆಂದು ಕರೆಸಿಕೊಳ್ಳುವ ಕಾಲೇಜು ಅವಳ ಕ್ರೆಡಿಟ್ಟುಗಳನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಬೇಕು. ಯಾವುದು ಹೊಂದುತ್ತದೆ ಎಂಬುದನ್ನು ಅವಳು ಸಹಿ ಹಾಕುವ ಮೊದಲೇ ಬರೆದುಕೊಡಬೇಕು. ಹೊಸ ಸ್ಥಾನ ಸಿಗುವವರೆಗೆ ಹಳೆಯ ವಿದ್ಯಾರ್ಥಿವೇತನ ನಿಲ್ಲಬಾರದು. ಪ್ರತಿ ತಂಡದಲ್ಲೂ ಶಾಲೆಯಿಂದ ನೇರವಾಗಿ ಬರುವವರಿಗೆ ಕೆಲವು ಸ್ಥಾನ ಮೀಸಲಿಡಬೇಕು. ಕೋಚಿಗೆ ಪ್ರಶಸ್ತಿಗೆಂದು ಬೋನಸ್ ಕೊಡುವವರು ಪದವಿಗೂ ಕೊಡಲಿ. ಇದಕ್ಕೆ ಹಣವಿಲ್ಲ ಎಂದು ಎರಡು ಕೋಟಿ ಡಾಲರ್ ಹಂಚಲು ಕೂತವರು ಹೇಳಲಾರರು. ಹಂಚಿಕೆಯಲ್ಲೂ ಕಣ್ಣಿಡಬೇಕು: ಆ ರಾಜಿಯ ಹಿಂದಿನ ಬಾಕಿಯಲ್ಲಿ ಸಿಂಹಪಾಲು ಗಂಡುಹುಡುಗರ ಫುಟ್‌ಬಾಲಿಗೆ, ಮಹಿಳಾ ಬ್ಯಾಸ್ಕೆಟ್‌ಬಾಲಿಗೆ ನೂರಕ್ಕೆ ಐದರಷ್ಟು ಮಾತ್ರ. ಇದು 1972ರ ಕಾನೂನಿಗೆ ವಿರುದ್ಧವೆಂದು 2025ರ ಜೂನ್‌ನಲ್ಲೇ ಎಂಟು ಮಂದಿ ಹೆಣ್ಣುಮಕ್ಕಳು ಮೇಲ್ಮನವಿ ಹಾಕಿದರು.

ನಮ್ಮಂತೆ ಮಗಳನ್ನು ಅಲ್ಲಿಗೆ ಕಳಿಸುವ ಕನಸಿರುವ ತಂದೆ ತಾಯಿಗಳಿಗೆ ಒಂದೆರಡು ಕಿವಿಮಾತು. ಜಾಹೀರಾತಿನ ಹಣದ ಸುದ್ದಿ ಕೇಳಿ ಮರುಳಾಗಬೇಡಿ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಅಲ್ಲಿ ದುಡಿಮೆಯ ನಿರ್ಬಂಧಗಳು ಬಿಗಿ, ಆ ಹಣದ ಬಹುಪಾಲು ಕೈಗೆಟುಕದು. ನಮ್ಮ ಮಕ್ಕಳಿಗೆ ಅಲ್ಲಿ ಸಿಗುವ ನಿಜವಾದ ಸಂಪಾದನೆ ಪದವಿ. ಆದ್ದರಿಂದ ಕೋಚ್ ಫೋನ್ ಮಾಡಿದಾಗ ಅಂಗಣ ಎಷ್ಟು ದೊಡ್ಡದು ಎಂದು ಕೇಳುವ ಮೊದಲು, ವಿದ್ಯಾರ್ಥಿವೇತನ ಎಷ್ಟು ವರ್ಷದ್ದು, ಗಾಯವಾದರೆ ಏನು, ನೀವೇ ಬೇರೆ ಕಾಲೇಜಿಗೆ ಹೋದರೆ ನಮ್ಮ ಮಗಳ ಗತಿಯೇನು, ಕಳೆದ ನಾಲ್ಕು ವರ್ಷದಲ್ಲಿ ನಿಮ್ಮ ತಂಡದಿಂದ ಎಷ್ಟು ಜನ ಪದವಿ ಪಡೆದರು ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಕಡತಕ್ಕೆ ಸೇರುವುದಿಲ್ಲ ಎಂಬುದು ಇಪ್ಪತ್ತು ವರ್ಷದ ಗುಮಾಸ್ತಿಕೆ ನಮಗೆ ಕಲಿಸಿದ ಪಾಠ.

ನಮ್ಮ ಮಗಳು ಸದ್ಯಕ್ಕೆ ಇಲ್ಲಿಯೇ ಬಿ.ಎಸ್‌ಸಿ.ಗೆ ಸೇರಿದ್ದಾಳೆ. ಬೆಳಿಗ್ಗೆ ಐದೂವರೆಗೆ ಚೆಂಡು ಹಿಡಿದು ಹೊರಡುವುದನ್ನು ಬಿಟ್ಟಿಲ್ಲ. ಮೊನ್ನೆ ಅದೇ ಕಾಲೇಜಿಗೆ ಮತ್ತೆ ಬರೆದಳು. ಮುಂದಿನ ವರ್ಷ ಸ್ಥಾನವಿದ್ದರೆ ತಾನೂ ‘ಅನುಭವಿ’ಯಾಗಿ, ಅಂದರೆ ಒಂದು ಕಾಲೇಜು ಬಿಟ್ಟವಳಾಗಿ, ಬರಬಹುದೆ, ಇಲ್ಲಿ ಓದಿದ ಒಂದು ವರ್ಷವನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತೀರಾ ಎಂದು ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ಬಂದ ದಿನ ಅವಳು ಈ ಕಾಲೇಜು ಬಿಟ್ಟು ಹೊರಟರೆ, ನಮ್ಮ ಹಿರಿಯರು ಅವಳನ್ನೂ ಉಂಡ ಮನೆಗೆ ಎರಡು ಬಗೆದವಳು ಎನ್ನುವರೆ? ಮುಂದಿನ ಸಭೆಯಲ್ಲಿ ಉಪ್ಪಿಟ್ಟಿನ ಹೊತ್ತಿಗೆ ಅವರನ್ನೇ ಕೇಳುತ್ತೇವೆ. ಹರಸಿ ಕಳಿಸಿಕೊಡುತ್ತಾರೆಂದು ನಾವು ಬಲ್ಲೆವು. ಆ ಹರಕೆಯಲ್ಲಿ ಒಂದು ಪಾಲನ್ನು ಅಲ್ಲಿಯ ಸಾವಿರ ಹುಡುಗಿಯರಿಗೂ ಕೊಡಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ.